ಹಳದಿಗಟ್ಟಿದ ತೊಟ್ಟಿ: ಹದಿನೈದು ಜಾಡಿಗಳ ದುರಸ್ತಿ ದಿನಚರಿ

ತೊಟ್ಟಿಯ ಸೋರಿಕೆ ನಿಲ್ಲಿಸಿದ ಮೂರನೆಯ ವಾರಕ್ಕೆ ಅದರೊಳಗಿನ ಹಸಿರು ಬೆಳೆಯುವುದೂ ನಿಂತುಹೋಯಿತು. ಇವೆರಡಕ್ಕೂ ನಂಟಿದೆ ಎಂಬುದು ನನಗೆ ಹೊಳೆಯಲು ಮತ್ತೆ ಎರಡು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಮಾಡಿದ್ದು, ಕೆಡಿಸಿದ್ದು, ಎಣಿಸಿದ್ದು ಎಲ್ಲವೂ ನೋಟ್‌ಬುಕ್‌ನಲ್ಲಿದೆ. ಅದನ್ನೇ ಇಲ್ಲಿ ಓದಲು ಬರುವಂತೆ ಜೋಡಿಸಿದ್ದೇನೆ.

ತೊಟ್ಟಿ ಸಿಮೆಂಟಿನದು. ಉದ್ದ 2 ಮೀಟರ್, ಅಗಲ 1 ಮೀಟರ್, ನೀರಿನ ಆಳ 30 ಸೆಂಟಿಮೀಟರ್. ಅಂದರೆ 600 ಲೀಟರ್ ನೀರು. ಅದರಲ್ಲಿ ಡಕ್‌ವೀಡ್ ಬೆಳೆಸುತ್ತೇನೆ. ನೀರಿನ ಮೇಲೆ ಎಳ್ಳಿನ ಗಾತ್ರದ ಎಲೆಗಳಾಗಿ ತೇಲುವ ಈ ಸಸ್ಯವನ್ನು ಸಸ್ಯಶಾಸ್ತ್ರದವರು ಲೆಮ್ನಾ ಎನ್ನುತ್ತಾರೆ. ಪಕ್ಕದ ತೊಟ್ಟಿಯ ಮೀನುಗಳಿಗೆ ಇದೇ ಮೇವು. ಮೂರು ವರ್ಷ ಯಾವ ತಕರಾರೂ ಇಲ್ಲದೆ ಬೆಳೆದಿತ್ತು. ತಳದಲ್ಲಿ ಬಿರುಕು ಬಿಟ್ಟು ನೀರು ಇಳಿಯತೊಡಗಿದಾಗ ಪೂರ್ತಿ ಖಾಲಿ ಮಾಡಿ, ಒಳಗಿನ ನಾಲ್ಕೂ ಗೋಡೆ ಮತ್ತು ತಳಕ್ಕೆ ಹೊಸದಾಗಿ ಸಿಮೆಂಟ್ ಗಾರೆ ಮಾಡಿದೆ. ಹತ್ತು ದಿನ ನೀರುಣಿಸಿ, ತೊಳೆದು, ಮೊದಲಿನಂತೆಯೇ ಅರ್ಧ ಮಳೆನೀರು, ಅರ್ಧ ಮೀನಿನ ತೊಟ್ಟಿಯ ನೀರು ತುಂಬಿ ಎರಡು ಹಿಡಿ ಡಕ್‌ವೀಡ್ ಬಿಟ್ಟೆ. ಸೋರಿಕೆ ನಿಂತಿತ್ತು. ಕೆಲಸ ಮುಗಿಯಿತು ಎಂದುಕೊಂಡೆ.

ಮೊದಲ ವಾರ ಸಸ್ಯ ಹರಡಿತು. ಎರಡನೆಯ ವಾರ ಹರಡುವುದು ನಿಧಾನವಾಯಿತು. ಮೂರನೆಯ ವಾರ ಬಣ್ಣ ತಿರುಗಿತು. ದೂರದಿಂದ ನೋಡಿದರೆ ಒಣಹುಲ್ಲಿನ ಪುಡಿ ಚೆಲ್ಲಿದಂತೆ ಕಾಣುತ್ತಿತ್ತು.

ಮೊದಲ ತಪ್ಪು: ಯೂರಿಯಾ

ಹಳದಿ ಕಂಡರೆ ಸಾರಜನಕ ಕೊಡು ಎಂಬುದು ಗಿಡ ಸಾಕುವವರೆಲ್ಲರ ಬಾಯಿಪಾಠ. ನಾನೂ ಹಾಗೆಯೇ ಒಂದು ಹಿಡಿ ಯೂರಿಯಾ ಕರಗಿಸಿ ಸುರಿದೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಎಲೆಗಳು ಬಿಳಿಚಿಕೊಂಡು, ಮುಟ್ಟಿದರೆ ಕರಗುವಂತಾಗಿದ್ದವು. ಹಸಿದವನಿಗೆ ಊಟ ಬಡಿಸುತ್ತಿದ್ದೇನೆ ಎಂಬ ನಂಬಿಕೆಯಲ್ಲಿ ನಾನೇ ಕೈಯಾರೆ ವಿಷ ಹಾಕಿದ್ದೆ. ಅದು ಹೇಗೆ ವಿಷವಾಯಿತು ಎಂಬುದು ಆಗ ತಿಳಿದಿರಲಿಲ್ಲ, ಮುಂದೆ ಬರುತ್ತದೆ. ಆ ಬೆಳಿಗ್ಗೆ ಆದ ಸಂಕಟ ಮಾತ್ರ ನೆನಪಿದೆ. ಉಳಿದ ಜೀವಂತ ಎಲೆಗಳನ್ನು ಜರಡಿಯಲ್ಲಿ ಎತ್ತಿ ಒಂದು ಬಕೆಟ್ ಮಳೆನೀರಿಗೆ ಬಿಟ್ಟು, ತೊಟ್ಟಿಯ ನೀರನ್ನು ಬದಲಾಯಿಸಿ, ಕೆಲವು ಎಲೆಗಳನ್ನು ಮತ್ತೆ ಅದಕ್ಕೆ ಬಿಟ್ಟೆ. ಅವೂ ಎರಡು ವಾರದೊಳಗೆ ಹಳದಿಗೆ ತಿರುಗಿದವು.

ಇನ್ನು ಊಹೆಯ ಮೇಲೆ ಏನನ್ನೂ ಸುರಿಯುವುದಿಲ್ಲ ಎಂದು ನಿಶ್ಚಯಿಸಿದೆ. ಏನು ಕೊರತೆ ಎಂದು ಸಸ್ಯವನ್ನೇ ಕೇಳಬೇಕು.

ಕೇಳುವ ಬಗೆ

ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಬರೆದ, ಆಮೇಲೆ ಜಸ್ಟಸ್ ಫಾನ್ ಲೀಬಿಗ್ ಲೋಕಕ್ಕೆಲ್ಲ ಹರಡಿದ ಒಂದು ನಿಯಮವಿದೆ. ಬೆಳವಣಿಗೆಗೆ ಹತ್ತು ಪದಾರ್ಥ ಬೇಕಾಗಿದ್ದು ಒಂಬತ್ತು ಧಾರಾಳವಾಗಿ ಇದ್ದರೂ, ಕೊರತೆಯಿರುವ ಹತ್ತನೆಯದೇ ಬೆಳವಣಿಗೆಯ ಅಳತೆಯನ್ನು ನಿರ್ಧರಿಸುತ್ತದೆ. ಇದಕ್ಕೆ ಮರದ ಪೀಪಾಯಿಯ ಚಿತ್ರ ಕೊಡುವುದು ವಾಡಿಕೆ: ಪಟ್ಟಿಗಳೆಲ್ಲ ಎತ್ತರವಿದ್ದು ಒಂದು ಮಾತ್ರ ಗಿಡ್ಡವಿದ್ದರೆ, ನೀರು ಆ ಗಿಡ್ಡ ಪಟ್ಟಿಯ ಮಟ್ಟಕ್ಕೆ ಬಂದು ಹೊರಚೆಲ್ಲುತ್ತದೆ. ಉಳಿದ ಪಟ್ಟಿಗಳನ್ನು ಎಷ್ಟು ಎತ್ತರಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ನಿಯಮವನ್ನು ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಕಟ್ಟಿಸಿದ್ದು ಕೆನಡಾದ ಒಂಟಾರಿಯೊದ ಒಂದು ಸರೋವರ. ಅದಕ್ಕೆ ಹೆಸರಿಲ್ಲ, 226 ಎಂಬ ಸಂಖ್ಯೆ ಮಾತ್ರ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜತೆಗಾರರು ಅದರ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಇಂಗಾಲ ಮತ್ತು ಸಾರಜನಕವನ್ನು ಎರಡಕ್ಕೂ ಹಾಕಿದರು. ಒಂದಕ್ಕೆ ಮಾತ್ರ ಜತೆಗೆ ರಂಜಕವನ್ನೂ, ಅಂದರೆ ಫಾಸ್ಫರಸ್ಸನ್ನೂ, ಹಾಕಿದರು. ರಂಜಕ ಬಿದ್ದ ಭಾಗ ಪಾಚಿಗಟ್ಟಿ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸಾಬೂನಿನ ಪುಡಿಗಳಲ್ಲಿ ರಂಜಕಕ್ಕೆ ಕಡಿವಾಣ ಬೀಳಲು ಇಂಥ ಪ್ರಯೋಗಗಳು ಬಲ ಕೊಟ್ಟವು.

ನನ್ನ ಬಳಿ ಸರೋವರವಿಲ್ಲ. ಅರ್ಧ ಲೀಟರ್ ನೀರು ಹಿಡಿಯುವ ಗಾಜಿನ ಜಾಡಿಗಳಿದ್ದವು. ಶಿಂಡ್ಲರ್ ಒಂದನ್ನು ಸೇರಿಸಿ ನೋಡಿದರು. ನಾನು ಒಂದನ್ನು ಬಿಟ್ಟು ನೋಡುವುದು ಎಂದು ತೀರ್ಮಾನಿಸಿದೆ. ಎಲ್ಲ ಪೋಷಕಾಂಶವಿರುವ ಜಾಡಿ, ಸಾರಜನಕವಿಲ್ಲದ ಜಾಡಿ, ರಂಜಕವಿಲ್ಲದ ಜಾಡಿ, ಕಬ್ಬಿಣವಿಲ್ಲದ ಜಾಡಿ, ಬರೀ ಮಳೆನೀರಿನ ಜಾಡಿ. ಪ್ರತಿಯೊಂದಕ್ಕೂ ಮೂರು ಪ್ರತಿ, ಒಟ್ಟು ಹದಿನೈದು. ಒಂದೊಂದೇ ಇಟ್ಟರೆ ಯಾವುದೋ ಜಾಡಿಯಲ್ಲಿ ಆಕಸ್ಮಿಕವಾಗಿ ಆದದ್ದನ್ನು ನಿಯಮವೆಂದು ನಂಬುವ ಅಪಾಯವಿದೆ. ಪ್ರತಿ ಕೊರತೆಗೂ ಸಸ್ಯ ಯಾವ ಚಹರೆ ತೋರಿಸುತ್ತದೆ ಎಂದು ತಿಳಿದರೆ ತೊಟ್ಟಿಯ ಎಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು.

ಗೂಡು ಮತ್ತು ದ್ರಾವಣ

ಹಳೆಯ ಪುಸ್ತಕದ ಕಪಾಟಿನ ಒಂದು ಅರೆಯ ಕೆಳಗೆ ಬಿಳಿ ಎಲ್ಇಡಿ ಕೊಳವೆ ದೀಪ ಎರಡು. ಟೈಮರ್ ಇಟ್ಟು ದಿನಕ್ಕೆ 16 ಗಂಟೆ ಬೆಳಕು. ಜಾಡಿಯ ಬಾಯಿಗೂ ದೀಪಕ್ಕೂ 20 ಸೆಂಟಿಮೀಟರ್ ಅಂತರ. ಅಂಚಿನ ಜಾಡಿಗಳಿಗೆ ಬೆಳಕು ಕಡಿಮೆ ಬೀಳುತ್ತದೆಂದು ಎರಡು ದಿನಕ್ಕೊಮ್ಮೆ ಜಾಗ ಬದಲಾಯಿಸಿದೆ.

ಪ್ರತಿ ಜಾಡಿಯ ಸುತ್ತ ಕಪ್ಪು ಕಾಗದ ಸುತ್ತಬೇಕು. ಇದನ್ನು ಯಾರೂ ಬಿಡಬಾರದು. ಡಕ್‌ವೀಡ್ ಮೇಲೆ ತೇಲುವುದರಿಂದ ಅದಕ್ಕೆ ಬೆಳಕು ಮೇಲಿನಿಂದ ಬಂದರೆ ಸಾಕು. ಪಕ್ಕದಿಂದ ಬೆಳಕು ಒಳಹೊಕ್ಕರೆ ಗಾಜಿಗೆ ಪಾಚಿ ಹತ್ತಿಕೊಂಡು, ನೀವು ಅಳೆದು ಹಾಕಿದ ಪೋಷಕಾಂಶವನ್ನು ಅದೇ ತಿಂದು ಮುಗಿಸುತ್ತದೆ. ಆಗ ನೀವು ಎಣಿಸುವುದು ಡಕ್‌ವೀಡ್‌ನ ಹಸಿವನ್ನಲ್ಲ, ಇಬ್ಬರ ಜಗಳವನ್ನು.

ಮೂಲ ದ್ರಾವಣಗಳನ್ನು ಬೇರೆ ಬೇರೆ ಬಾಟಲಿಗಳಲ್ಲಿ ಮಾಡಿಕೊಂಡೆ. ಒಂದು ಲೀಟರ್ ನೀರಿಗೆ ಪೊಟ್ಯಾಷಿಯಂ ನೈಟ್ರೇಟ್ 10.1 ಗ್ರಾಂ. ಇನ್ನೊಂದು ಲೀಟರಿಗೆ ಮೊನೊಪೊಟ್ಯಾಷಿಯಂ ಫಾಸ್ಫೇಟ್ 0.85 ಗ್ರಾಂ. ಮೂರನೆಯದಕ್ಕೆ 13 ಶೇಕಡಾ ಕಬ್ಬಿಣವಿರುವ ಇಡಿಟಿಎ ಚಿಲೇಟ್ (ಕಬ್ಬಿಣವನ್ನು ನೀರಿನಲ್ಲಿ ಕರಗಿಯೇ ಇರಿಸುವ ಸಂಯುಕ್ತ) 0.77 ಗ್ರಾಂ. ಅರ್ಧ ಲೀಟರ್ ಜಾಡಿಗೆ ಒಂದೊಂದರಿಂದ 5 ಮಿಲಿಲೀಟರ್ ಹಾಕಿದರೆ ಲೀಟರಿಗೆ ಸಾರಜನಕ 14 ಮಿಲಿಗ್ರಾಂ, ರಂಜಕ ಸುಮಾರು 2 ಮಿಲಿಗ್ರಾಂ, ಕಬ್ಬಿಣ 1 ಮಿಲಿಗ್ರಾಂ ಸಿಗುತ್ತದೆ. ಪರಮಾಣುಗಳ ಲೆಕ್ಕದಲ್ಲಿ ಸಾರಜನಕ 16, ರಂಜಕ 1. ಈ ಅನುಪಾತವನ್ನು ಸಾಗರದಿಂದ ಎರವಲು ತಂದೆ. ಸಮುದ್ರದ ತೇಲುಜೀವಿಗಳ ಮೈಯಲ್ಲಿ ಸರಾಸರಿ ಇಂಗಾಲ 106, ಸಾರಜನಕ 16, ರಂಜಕ 1 ಇರುತ್ತದೆ ಎಂಬುದು ಆಲ್ಫ್ರೆಡ್ ರೆಡ್‌ಫೀಲ್ಡ್ ಹೆಸರಿನಲ್ಲಿ ನಿಂತ ಲೆಕ್ಕ. ಡಕ್‌ವೀಡ್ ಸಮುದ್ರದ ಜೀವಿಯಲ್ಲ, ಆದರೆ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ಮ್ಯಾಗ್ನೀಷಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಬೋರಾನ್, ಸತು, ಮ್ಯಾಂಗನೀಸ್, ತಾಮ್ರ, ಮಾಲಿಬ್ಡಿನಂಗಳ ಚಿಟಿಕೆಯಷ್ಟು ಮಿಶ್ರಣವನ್ನು ಮಳೆನೀರಿನ ಜಾಡಿಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಸಮನಾಗಿ ಹಾಕಿದೆ. ಸಾರಜನಕವಿಲ್ಲದ ಜಾಡಿಗೆ ಪೊಟ್ಯಾಷಿಯಂ ತಪ್ಪಬಾರದೆಂದು ನೈಟ್ರೇಟಿನ ಬದಲು ಪೊಟ್ಯಾಷಿಯಂ ಕ್ಲೋರೈಡ್, ಲೀಟರಿಗೆ 7.46 ಗ್ರಾಂ ಲೆಕ್ಕದ ದ್ರಾವಣದಿಂದ. ಈ ಬದಲಿಯನ್ನು ಮರೆತರೆ ಒಂದನ್ನು ತೆಗೆದೆವೆಂದುಕೊಂಡು ಎರಡನ್ನು ತೆಗೆದಿರುತ್ತೇವೆ.

ಇನ್ನೊಂದು ಪಾಠ ಬಾಟಲಿಯಲ್ಲೇ ಆಯಿತು. ಮೊದಲು ಸಾಮಾನ್ಯ ಫೆರಿಕ್ ಕ್ಲೋರೈಡನ್ನೂ ಫಾಸ್ಫೇಟನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿದ್ದೆ. ಕಣ್ಣೆದುರಿಗೇ ನೀರು ಮೋಡಗಟ್ಟಿ ಮಾಸಲು ಪುಡಿ ತಳಕ್ಕಿಳಿಯಿತು. ಕಬ್ಬಿಣವೂ ರಂಜಕವೂ ಒಂದನ್ನೊಂದು ಹಿಡಿದುಕೊಂಡು ಕೆಳಗೆ ಕೂತಿದ್ದವು. ಅದಕ್ಕೇ ಚಿಲೇಟ್ ಬೇಕಾದದ್ದು. ಇಡಿಟಿಎ ಅಣು ಕಬ್ಬಿಣವನ್ನು ಏಡಿಯ ಕೊಂಡಿಯಂತೆ ಸುತ್ತ ಹಿಡಿದುಕೊಂಡು ಕರಗಿದ ಸ್ಥಿತಿಯಲ್ಲೇ ಇರಿಸುತ್ತದೆ. ಬಾಟಲಿಯ ತಳದ ಆ ಪುಡಿ ನನಗೆ ಅಂದೇ ಉತ್ತರ ಹೇಳಿತ್ತು. ನಾನು ಚೆಲ್ಲಿ, ತೊಳೆದು, ಮುಂದೆ ಹೋದೆ.

ಮೊದಲ ಸುತ್ತು: ವ್ಯರ್ಥ

ಬಕೆಟಿನಲ್ಲಿದ್ದ ಎಲೆಗಳು ಸಾಲದೆಂದು, ಮೀನಿನ ತೊಟ್ಟಿಯ ಅಂಚಿನಲ್ಲಿ ಚೆನ್ನಾಗಿ ಬೆಳೆದಿದ್ದ ದಷ್ಟಪುಷ್ಟ ಎಲೆಗಳನ್ನು ಆರಿಸಿ ಪ್ರತಿ ಜಾಡಿಗೆ 12ರಂತೆ ಬಿಟ್ಟೆ. ಹತ್ತು ದಿನ ಎಣಿಸಿದೆ. ರಂಜಕವಿಲ್ಲದ ಜಾಡಿ, ಎಲ್ಲವೂ ಇದ್ದ ಜಾಡಿ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆದವು. ಕಬ್ಬಿಣವಿಲ್ಲದ್ದೂ ಅಷ್ಟೇನೂ ಹಿಂದೆ ಬೀಳಲಿಲ್ಲ.

ಕಾರಣ ಸಸ್ಯದ ಮೈಯಲ್ಲೇ ಇತ್ತು. ಸುಭಿಕ್ಷದ ಕಾಲದಲ್ಲಿ ಸಸ್ಯಗಳು, ಪಾಚಿಗಳು ರಂಜಕವನ್ನು ಆಗಿನ ಅಗತ್ಯಕ್ಕಿಂತ ಹೆಚ್ಚು ಎಳೆದುಕೊಂಡು ಕಣಜ ತುಂಬಿಕೊಳ್ಳುತ್ತವೆ. ಮೀನಿನ ತೊಟ್ಟಿಯಲ್ಲಿ ಉಂಡು ಬಂದಿದ್ದ ಎಲೆಗಳು ಆ ಬುತ್ತಿಯನ್ನೇ ಬಿಚ್ಚಿ ಮಕ್ಕಳು, ಮೊಮ್ಮಕ್ಕಳಿಗೆ ಹಂಚುತ್ತಿದ್ದವು. ತೊಟ್ಟಿಯಲ್ಲಿ ಮೊದಲ ವಾರ ಎಲ್ಲವೂ ಸರಿಯಿದ್ದಂತೆ ಕಂಡದ್ದಕ್ಕೂ ಇದೇ ಕಾರಣ. ಕೆರೆಯೊಂದಕ್ಕೆ ಕೊಳಚೆ ಬಂದು ಸೇರುವುದು ನಿಂತರೂ ಪಾಚಿ ಕೂಡಲೇ ನಿಲ್ಲದಿರುವುದಕ್ಕೂ ಇಂಥ ಉಳಿತಾಯವೇ ಒಂದು ಕಾರಣ. ತಳದ ಕೆಸರಿನಲ್ಲಿ ಕೂಡಿಟ್ಟ ರಂಜಕ ವರ್ಷಗಟ್ಟಲೆ ಮೇಲೆ ಬರುತ್ತಲೇ ಇರುತ್ತದೆ.

ಹಾಗಾಗಿ ಉಪವಾಸ. ಹೊಸ ಎಲೆಗಳನ್ನು ಎಂಟು ದಿನ ಬರೀ ಮಳೆನೀರಿನಲ್ಲಿ ಬಿಟ್ಟೆ. ಬೇರುಗಳು ಉದ್ದವಾಗುತ್ತ ಬಂದವು. ಪ್ರತಿ ಎಲೆಗೂ ಒಂದೇ ಬೇರು, ದಾರದಂತೆ. ಹೊಟ್ಟೆ ತುಂಬಿದ ಸಸ್ಯದಲ್ಲಿ ಅದು ಗಿಡ್ಡ. ನೀರಿನಲ್ಲಿ ಸಾರವಿಲ್ಲದಿದ್ದರೆ ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಚಾಚುತ್ತದೆ. ಜಾಡಿಯನ್ನು ಬೆಳಕಿಗೆ ಹಿಡಿದು ಆ ಬೇರುಗಳನ್ನು ನೋಡಿದಾಗ ಕರುಳು ಚುರುಕ್ಕೆಂದಿತು.

ಎರಡನೆಯ ಸುತ್ತು

ಮತ್ತೆ ಜಾಡಿಗೆ 12 ಎಲೆ. ಹದಿನಾಲ್ಕು ದಿನ. ಎಣಿಸುವಾಗ ತಾಯಿ ಎಲೆಯ ಪಕ್ಕದಿಂದ ಮೂಡಿ ಕಣ್ಣಿಗೆ ಕಾಣುವಷ್ಟು ಬೆಳೆದ ಮರಿಯನ್ನೆಲ್ಲ ಒಂದೊಂದು ಎಲೆಯೆಂದೇ ಹಿಡಿದೆ. ಮೂರು ಮೂರು ಜಾಡಿಗಳ ಸರಾಸರಿ ಹೀಗೆ ಬಂತು: ಎಲ್ಲವೂ ಇದ್ದದ್ದು 214. ಕಬ್ಬಿಣವಿಲ್ಲದ್ದು 71. ರಂಜಕವಿಲ್ಲದ್ದು 46. ಸಾರಜನಕವಿಲ್ಲದ್ದು 38. ಬರೀ ಮಳೆನೀರು 29.

ಸಂಖ್ಯೆಗಿಂತ ನನಗೆ ಬೇಕಾಗಿದ್ದದ್ದು ಚಹರೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಡಿ ಒಂದೊಂದು ಎಲೆಯನ್ನೂ ಬಿಳಿ ತಟ್ಟೆಯಲ್ಲಿಟ್ಟು ನೋಡಿದೆ.

ಸಾರಜನಕವಿಲ್ಲದ ಜಾಡಿಯಲ್ಲಿ ಇಡೀ ಕುಟುಂಬವೇ ಮಾಸಲು ಹಸಿರು. ತಾಯಿ ಎಲೆ ಮಕ್ಕಳಿಗಿಂತ ಮೊದಲು ಹಳದಿಯಾಗಿತ್ತು. ಸಾರಜನಕ ಸಸ್ಯದೊಳಗೆ ಓಡಾಡುವ ಪದಾರ್ಥ. ಕೊರತೆ ಬಂದಾಗ ಮುದಿ ಎಲೆಯಿಂದ ಕಿತ್ತು ಎಳೆಯದಕ್ಕೆ ಕೊಡಲಾಗುತ್ತದೆ. ಬೇರು ನನ್ನ ಕಿರುಬೆರಳಿನಷ್ಟು ಉದ್ದ.

ರಂಜಕವಿಲ್ಲದ್ದರಲ್ಲಿ ಎಲೆಗಳು ಚಿಕ್ಕವು, ಆದರೆ ಬಣ್ಣ ಕಡುಹಸಿರು. ತಲೆಕೆಳಗು ಮಾಡಿದರೆ ಅಡಿಭಾಗದಲ್ಲಿ ಕೆನ್ನೇರಳೆ ಛಾಯೆ. ಮೇಲಿನಿಂದ ನೋಡಿದವರು ಇದನ್ನು ಆರೋಗ್ಯವಂತ ಸಸ್ಯವೆಂದೇ ಹೇಳಿಯಾರು.

ಕಬ್ಬಿಣವಿಲ್ಲದ ಜಾಡಿಯಲ್ಲಿ ಕಂಡದ್ದು ಸಾರಜನಕದ ಕತೆಯ ತಿರುಗುಮುರುಗು. ತಾಯಿ ಎಲೆ ಹಸಿರಾಗಿಯೇ ಇತ್ತು. ಅದರ ಪಕ್ಕದ ಜೇಬಿನಿಂದ ಮೂಡಿದ ಮರಿ ತೆಳು ಹಳದಿ, ಆ ಮರಿಯ ಮರಿ ಬಹುತೇಕ ಬಿಳಿ. ಮೂರು ತಲೆಮಾರು ಒಂದಕ್ಕೊಂದು ಅಂಟಿಕೊಂಡು, ಹಸಿರು, ಹಳದಿ, ಬಿಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದವು. ಕಬ್ಬಿಣ ಒಮ್ಮೆ ಒಂದು ಎಲೆಯಲ್ಲಿ ನೆಲೆನಿಂತರೆ ಅಲ್ಲಿಂದ ಸುಲಭಕ್ಕೆ ಕದಲುವುದಿಲ್ಲ. ತಾಯಿ ಕೊಡಬೇಕೆಂದರೂ ಕೊಡಲಾಗದು. ಪತ್ರಹರಿತ್ತಿನ ಅಣುವಿನೊಳಗೆ ಕಬ್ಬಿಣವಿಲ್ಲ, ಅದರ ನಡುವೆ ಇರುವುದು ಮ್ಯಾಗ್ನೀಷಿಯಂ. ಆದರೆ ಪತ್ರಹರಿತ್ತನ್ನು ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು.

ತೊಟ್ಟಿಯಿಂದ ಒಂದು ಚಮಚ ಎಲೆ ತಂದು ಅದೇ ತಟ್ಟೆಯಲ್ಲಿಟ್ಟೆ. ಹಸಿರು, ಹಳದಿ, ಬಿಳಿ. ಅದೇ ಮೆಟ್ಟಿಲು.

ಪಕ್ಕದಲ್ಲೇ ಇನ್ನೊಂದು ಕುತೂಹಲಕ್ಕೆ ಎರಡು ಜಾಡಿ ಹೆಚ್ಚಿಗೆ ಇಟ್ಟಿದ್ದೆ, ನೀರಿನ ಮೇಲೆ ತೇಲುವ ಇನ್ನೊಂದು ಪುಟ್ಟ ಸಸ್ಯವಾದ ಅಜೋಲಾದ್ದು. ಸಾರಜನಕವಿಲ್ಲದ ನೀರಿನಲ್ಲಿ ಡಕ್‌ವೀಡ್ ಸೊರಗುತ್ತಿದ್ದರೆ ಅಜೋಲಾ ನಿಶ್ಚಿಂತೆಯಿಂದ ಹರಡಿತು. ಅದರ ಎಲೆಯ ಗುಳಿಗಳಲ್ಲಿ ವಾಸಿಸುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ಆದರೆ ರಂಜಕವಿಲ್ಲದ ಜಾಡಿಯಲ್ಲಿ ಅದೇ ಅಜೋಲಾ ಇಟ್ಟಿಗೆಯಂತೆ ಕೆಂಪಾಗಿ ನಿಂತುಬಿಟ್ಟಿತು. ಗಾಳಿಯಿಂದ ರಂಜಕ ಹಿಡಿಯುವ ವಿದ್ಯೆ ಯಾವ ಜೀವಿಗೂ ಇಲ್ಲ. ಒಂದು ಬಾಗಿಲು ತೆರೆದವನು ಮುಂದಿನ ಬಾಗಿಲಲ್ಲಿ ನಿಲ್ಲುವುದನ್ನು ಕಪಾಟಿನ ಒಂದೇ ಅರೆಯಲ್ಲಿ ನೋಡಿದೆ.

ಮದ್ದು ಹಾಕಿದರೂ ವಾಸಿಯಾಗಲಿಲ್ಲ

ಕಾಯಿಲೆ ಗೊತ್ತಾಯಿತೆಂದು ಹಿಗ್ಗಿ, ಜಾಡಿಯ ಲೆಕ್ಕವನ್ನೇ 600 ಲೀಟರಿಗೆ ಗುಣಿಸಿ 4.6 ಗ್ರಾಂ ಇಡಿಟಿಎ ಕಬ್ಬಿಣವನ್ನು ತೊಟ್ಟಿಗೆ ಹಾಕಿದೆ. ಅದೇ ದಿನ ಕಬ್ಬಿಣವಿಲ್ಲದ ಜಾಡಿಯೊಂದಕ್ಕೂ ಅದೇ ಪ್ರಮಾಣ ಹಾಕಿದೆ. ಜಾಡಿಯ ಹೊಸ ಮರಿಗಳು ನಾಲ್ಕನೆಯ ದಿನಕ್ಕೆ ಹಸಿರಾಗಿ ಹುಟ್ಟಿದವು. ತೊಟ್ಟಿಯಲ್ಲಿ ವಾರ ಕಳೆದರೂ ಬಿಳಿ ಮರಿಗಳೇ. ತಳದಲ್ಲಿ ಮಾತ್ರ ಹೊಸದಾಗಿ ತೆಳುವಾದ ತುಕ್ಕಿನ ಬಣ್ಣದ ಧೂಳು ಕೂತಿತ್ತು. ಬೆರಳಿನಲ್ಲಿ ಒರೆಸಿ ನೋಡಿದೆ. ಬಾಟಲಿಯ ತಳದ ಪುಡಿ ಆಗ ನೆನಪಾಯಿತು.

ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಕಾಗದ ಅದ್ದಿದೆ; 7 ಎಂದರೆ ತಟಸ್ಥ, ಮೇಲೇರಿದಷ್ಟೂ ಕ್ಷಾರ. ಜಾಡಿಯಲ್ಲಿ 6.5. ತೊಟ್ಟಿಯಲ್ಲಿ ಕಾಗದ ಕಡುನೀಲಿಗೆ ತಿರುಗಿತು. ಮೀಟರಿನಲ್ಲಿ ನೋಡಿದರೆ 9.8.

ಹೊಸ ಸಿಮೆಂಟಿನಿಂದ ಸುಣ್ಣ ಜಿನುಗುತ್ತಿತ್ತು. ಸಿಮೆಂಟ್ ನೀರಿನೊಂದಿಗೆ ಗಟ್ಟಿಯಾಗುವಾಗ ಅದರೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ, ಅದು ತಿಂಗಳುಗಟ್ಟಲೆ ನೀರಿಗೆ ಇಳಿಯುತ್ತಲೇ ಇರುತ್ತದೆ. ಎಲ್ಲ ಎಳೆಗಳೂ ಒಂದೇ ಸಲಕ್ಕೆ ಸೇರಿದವು. ಅಷ್ಟು ಕ್ಷಾರದಲ್ಲಿ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ಇಡಿಟಿಎ ಕೊಂಡಿ ಪಿಎಚ್ 6.5 ದಾಟಿದರೆ ಸಡಿಲವಾಗತೊಡಗಿ, 9.8ರಲ್ಲಿ ಕಬ್ಬಿಣವನ್ನು ಬಿಟ್ಟು ಕ್ಯಾಲ್ಸಿಯಂ ಹಿಡಿಯುತ್ತದೆ. ರಂಜಕವೂ ಸುಣ್ಣದೊಡನೆ ಕೂಡಿ ಕೆಳಗಿಳಿಯುತ್ತದೆ. ಯೂರಿಯಾ ವಿಷವಾದದ್ದೂ ಇದರಿಂದಲೇ: ಯೂರಿಯಾ ಒಡೆದು ಬರುವ ಅಮೋನಿಯಂ, ಪಿಎಚ್ 9.25ನ್ನು ದಾಟಿದರೆ ಅರ್ಧಕ್ಕಿಂತ ಹೆಚ್ಚು ಅಮೋನಿಯಾ ಆಗಿ ಬದಲಾಗುತ್ತದೆ. ಅದು ಜೀವಕೋಶದೊಳಗೆ ಸಲೀಸಾಗಿ ನುಗ್ಗಿ ಸುಡುತ್ತದೆ.

ಮನಸ್ಸಿನಲ್ಲಿ ಬಹಳ ದಿನ ಉಳಿದದ್ದು ಬೇರೊಂದು. ಸಿಮೆಂಟಿನ ಬೂದು ಬಣ್ಣ ಬಹುಮಟ್ಟಿಗೆ ಕಬ್ಬಿಣದಿಂದಲೇ ಬರುತ್ತದೆ, ಬಿಳಿ ಸಿಮೆಂಟ್ ಮಾಡಬೇಕೆಂದರೆ ಕಬ್ಬಿಣ ತೀರಾ ಕಡಿಮೆಯಿರುವ ಕಚ್ಚಾವಸ್ತು ಹುಡುಕಬೇಕು. ಅಂದರೆ ನನ್ನ ಡಕ್‌ವೀಡ್ ಕಬ್ಬಿಣದ ಗೋಡೆಗಳ ನಡುವೆ, ಕಬ್ಬಿಣದ ಧೂಳಿನ ಮೇಲೆ ತೇಲುತ್ತ ಕಬ್ಬಿಣವಿಲ್ಲದೆ ಸೊರಗುತ್ತಿತ್ತು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಸಮುದ್ರದಲ್ಲೂ ನಡೆಯುವುದು ಇದೇ. ಭೂಮಿಯ ಹೊರಪದರದಲ್ಲಿ ಹೆಚ್ಚು ಸಿಗುವ ಧಾತುಗಳಲ್ಲಿ ಕಬ್ಬಿಣ ನಾಲ್ಕನೆಯದು. ಆದರೂ ದಕ್ಷಿಣ ಮಹಾಸಾಗರದಲ್ಲಿ, ಶಾಂತಸಾಗರದ ಸಮಭಾಜಕದ ಪೂರ್ವ ಭಾಗದಲ್ಲಿ ನೈಟ್ರೇಟ್, ಫಾಸ್ಫೇಟ್ ಸಾಕಷ್ಟಿದ್ದರೂ ಪಾಚಿ ವಿರಳ. ಆಮ್ಲಜನಕ ತುಂಬಿದ, ತುಸು ಕ್ಷಾರವಾದ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲುವುದಿಲ್ಲ, ತುಕ್ಕಾಗಿ ಮುಳುಗುತ್ತದೆ. ಗಾಳಿಯಲ್ಲಿ ತೇಲಿಬರುವ ಮರುಭೂಮಿಯ ಧೂಳು ಅಲ್ಲಿಗೆ ತಲುಪುವುದು ಕಡಿಮೆ. ಅಮೆರಿಕದ ಜಾನ್ ಮಾರ್ಟಿನ್ ಹೀಗೆಂದು ವಾದಿಸಿದಾಗ ನಂಬದವರು ಹಲವರಿದ್ದರು. 1993ರಲ್ಲಿ ಗ್ಯಾಲಪಗಸ್ ದ್ವೀಪಗಳ ಬಳಿ ಸುಮಾರು 64 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಹಾಕಿ ನೋಡಿದಾಗ ಪಾಚಿ ಹೆಚ್ಚಿತು. ಅದನ್ನು ನೋಡಲು ಮಾರ್ಟಿನ್ ಇರಲಿಲ್ಲ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು. ಈ ಸಂಗತಿಯನ್ನು ಬರೆಯುವಾಗಲೆಲ್ಲ ನನಗೆ ನೋವಾಗುತ್ತದೆ.

ನೀರಿನಲ್ಲಿ ಎಷ್ಟು ಕಬ್ಬಿಣ ಇದೆ ಎಂದು ಪ್ರಯೋಗಾಲಯಕ್ಕೆ ಕಳುಹಿಸಿದ್ದರೆ, ತಳದ ಧೂಳೂ ಕಲಕಿಹೋಗಿ ಸೇರಿದ್ದ ಪಕ್ಷದಲ್ಲಿ, ಬೇಕಾದಷ್ಟಿದೆ ಎಂಬ ಉತ್ತರ ಬರುತ್ತಿತ್ತು. ಇರುವುದು ಬೇರೆ, ದಕ್ಕುವುದು ಬೇರೆ. ಸುಣ್ಣದ ಮಣ್ಣಿನಲ್ಲಿ ನಿಂತ ನಿಂಬೆಗಿಡದ ಚಿಗುರು ಹಳದಿಯಾಗುವುದೂ ಇದೇ ಕಾರಣಕ್ಕೆ. ಆ ಮಣ್ಣಿನ ಬಣ್ಣ ಕೆಂಪೇ ಇರಬಹುದು.

ದುರಸ್ತಿಯ ದುರಸ್ತಿ

ಮೊದಲು ತೊಳೆದು ನೋಡಿದೆ. ತೊಟ್ಟಿ ಖಾಲಿ ಮಾಡಿ, ಕೈಗವಸು, ಕನ್ನಡಕ ಹಾಕಿಕೊಂಡು ಗೋಡೆಗಳಿಗೆ ವಿನೆಗರ್ ಬಳಿದು ಗಟ್ಟಿ ಬ್ರಷ್‌ನಿಂದ ಉಜ್ಜಿದೆ. ನೀರು ತುಂಬಿದ ಸಂಜೆ ಪಿಎಚ್ 7.9. ಮರುದಿನ ಬೆಳಿಗ್ಗೆ 8.8. ಮೂರನೆಯ ದಿನ 9.4. ಮತ್ತೆ ಖಾಲಿ, ಮತ್ತೆ ತುಂಬು. ನಾಲ್ಕು ಸಲ ಹೀಗೆ ಮಾಡಿದರೂ ಮೂರನೆಯ ದಿನಕ್ಕೆ 9ರ ಮೇಲೇ ಬಂದು ನಿಲ್ಲುತ್ತಿತ್ತು. ಆಮ್ಲ ಮೇಲ್ಮೈಯ ಸುಣ್ಣವನ್ನು ತೆಗೆಯುತ್ತದೆ, ಒಳಗಿನದು ಮತ್ತೆ ಜಿನುಗುತ್ತದೆ. ತಾಳ್ಮೆಯಿದ್ದವರು ಹೀಗೆಯೇ ಹಲವು ವಾರ ನೀರು ಬದಲಾಯಿಸುತ್ತ ಕಾಯಬಹುದು, ಹಳೆಯ ತೊಟ್ಟಿಗಳು ಹಾಗೆಯೇ ಪಳಗಿದವು. ಬಕೆಟಿನಲ್ಲಿದ್ದ ಸಸ್ಯಕ್ಕೆ ಅಷ್ಟು ದಿನ ಇರಲಿಲ್ಲ.

ತೊಟ್ಟಿಯನ್ನು ಒಂದು ವಾರ ಪೂರ್ತಿ ಒಣಗಿಸಿ, ಮೀನಿನ ತೊಟ್ಟಿಗಳಿಗೆ ಬಳಸುವ ಎಪಾಕ್ಸಿ ಲೇಪನ ಎರಡು ಕೈ ಬಳಿದೆ. ಮೂಲೆಗಳಲ್ಲಿ ಬ್ರಷ್ ಹೋಗದೆ ಸೂಜಿಮೊನೆಯಷ್ಟು ರಂಧ್ರಗಳು ಉಳಿಯುತ್ತವೆ, ಟಾರ್ಚ್ ಹಿಡಿದು ನೋಡಿ ಮುಚ್ಚಬೇಕು. ಏಳು ದಿನ ಗಟ್ಟಿಯಾಗಲು ಬಿಟ್ಟು, ಎರಡು ಸಲ ನೀರು ತುಂಬಿ ಚೆಲ್ಲಿ, ಮೂರನೆಯ ಸಲ ಮೊದಲಿನಂತೆ ಅರ್ಧ ಮಳೆನೀರು, ಅರ್ಧ ಮೀನಿನ ನೀರು. ಐದು ದಿನ ಕಾದೆ. ಪಿಎಚ್ 7.3ರಲ್ಲಿ ನಿಂತಿತು. ಇಡಿಟಿಎ ಬದಲು ಈ ಬಾರಿ ಡಿಟಿಪಿಎ ಚಿಲೇಟ್, ಅದು ಸುಮಾರು 7.5ರವರೆಗೂ ಕಬ್ಬಿಣವನ್ನು ಬಿಡುವುದಿಲ್ಲ. ಲೀಟರಿಗೆ ಅರ್ಧ ಮಿಲಿಗ್ರಾಂ ಕಬ್ಬಿಣ ಸಿಗುವಷ್ಟೇ ಹಾಕಿದೆ.

ತೊಳೆದ ನೀರನ್ನು ಎಲ್ಲೆಂದರಲ್ಲಿ ಹರಿಯಬಿಡಲಿಲ್ಲ. ಸುಣ್ಣದ ನೀರನ್ನು ಡ್ರಮ್ಮಿನಲ್ಲಿ ವಿನೆಗರಿನಿಂದ ತಟಸ್ಥ ಮಾಡಿ ಚೆಲ್ಲಿದೆ. ಜಾಡಿಗಳ ಪೋಷಕಾಂಶದ ನೀರು ಹೂಕುಂಡಗಳಿಗೆ ಹೋಯಿತು. ಒಂದು ಗ್ರಾಂ ರಂಜಕ ಕೆರೆ ಸೇರಿದರೆ ಅದರ ನೂರಾರು ಪಟ್ಟು ತೂಕದ ಹಸಿ ಪಾಚಿಗೆ ದಾರಿಯಾಗುತ್ತದೆ. ಡಕ್‌ವೀಡನ್ನೂ ಹಳ್ಳಕ್ಕೆ ಬಿಡಬೇಡಿ.

ಆರನೆಯ ದಿನ ತೊಟ್ಟಿಯ ಮರಿಗಳು ಹಸಿರಾಗಿ ಹುಟ್ಟಿದವು. ಹಳೆಯ ಬಿಳಿ ಎಲೆಗಳು ಹಸಿರಾಗಲಿಲ್ಲ, ಹಾಗೆಯೇ ಉದುರಿಹೋದವು. ಮೂರನೆಯ ವಾರಕ್ಕೆ ಅಂಚಿನಿಂದ ಅಂಚಿಗೆ ಹಸಿರು ಹಾಸು.

ಆಮೇಲಿನ ಟಿಪ್ಪಣಿಗಳು

ಐದನೆಯ ವಾರ ಮತ್ತೆ ಬಣ್ಣ ಮಾಸಿತು. ಈ ಸಲ ಗಾಬರಿಯಾಗಲಿಲ್ಲ. ತಟ್ಟೆ, ಭೂತಗನ್ನಡಿ. ತಾಯಿ ಎಲೆ ಹಳದಿ, ಮರಿ ಹಸಿರು, ಬೇರು ಉದ್ದ: ಸಾರಜನಕ. 30 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಹಾಕಿದೆ, ಅದರಲ್ಲಿ ಸಾರಜನಕ 4.2 ಗ್ರಾಂ. ನಾಲ್ಕು ದಿನಕ್ಕೆ ಬಣ್ಣ ಮರಳಿತು. ಚೆನ್ನಾಗಿ ಉಂಡ ಡಕ್‌ವೀಡ್‌ನ ಒಣ ತೂಕದಲ್ಲಿ ಸಾರಜನಕ ನೂರಕ್ಕೆ 4ರಿಂದ 6ರಷ್ಟಿರುತ್ತದೆ, ಹಾಗಾಗಿ 100 ಗ್ರಾಂ ಒಣ ಮೇವು ಎತ್ತಿದರೆ ಹಾಕಿದ್ದೆಲ್ಲ ಅದರೊಡನೆ ಹೊರಟುಹೋಗುತ್ತದೆ. ಕೊಯ್ದಷ್ಟನ್ನು ಹಿಂದಿರುಗಿಸಬೇಕು. ಈಗ ಮೀನಿನ ತೊಟ್ಟಿಯ ನೀರನ್ನೇ ವಾರಕ್ಕೆ ಎರಡು ಬಕೆಟ್ ಸುರಿಯುತ್ತೇನೆ. ಮೀನು ತಿಂದ ಡಕ್‌ವೀಡ್ ಆ ದಾರಿಯಲ್ಲಿ ಅರ್ಧವಾದರೂ ಮರಳಿ ಬರುತ್ತದೆ.

ಏಳನೆಯ ವಾರ ಎಲ್ಲ ಪೋಷಕಾಂಶವಿದ್ದರೂ ಬೆಳವಣಿಗೆ ನಿಂತಿತು. ಎಲೆಗಳ ಮೇಲೆ ಎಲೆ ಹತ್ತಿ ಮೂರು ಪದರವಾಗಿತ್ತು, ಅಡಿಯ ಪದರಕ್ಕೆ ಬೆಳಕಿಲ್ಲ. ಅರ್ಧ ಎತ್ತಿದ ಮೇಲೆ ಮತ್ತೆ ಓಟ. ಈಗ ವಾರಕ್ಕೊಮ್ಮೆ ಅರ್ಧ ಕೊಯ್ಲು.

ಎಂಟನೆಯ ವಾರದ ಟಿಪ್ಪಣಿ ಸಸ್ಯದ್ದಲ್ಲ. ಲೇಪನವಾದ ಮೇಲೆ ಮೀನಿನ ತೊಟ್ಟಿಯಿಂದ ನೀರಿನ ಬಸವನಹುಳುಗಳನ್ನು ತಂದು ಇಲ್ಲಿ ಬಿಟ್ಟಿದ್ದೆ, ಕೊಳೆತ ಎಲೆ ತಿನ್ನಲೆಂದು. ಇವತ್ತು ಒಂದನ್ನು ಎತ್ತಿ ನೋಡಿದರೆ ಚಿಪ್ಪಿನ ತುದಿ ಬಿಳಿಯಾಗಿ ಸವೆದು ಗುಳಿ ಬಿದ್ದಿದೆ. ಬಾಯಂಚಿನಲ್ಲಿ ಹೊಸದಾಗಿ ಬೆಳೆದ ಭಾಗ ಕಾಗದದಷ್ಟು ತೆಳು, ಬೆಳಕಿಗೆ ಹಿಡಿದರೆ ಒಳಗಿನ ಮೈ ಕಾಣುತ್ತದೆ. ಹಳೆಯ ತೊಟ್ಟಿಯಲ್ಲಿರುವ ಇದರ ಒಡಹುಟ್ಟುಗಳ ಚಿಪ್ಪು ಗಟ್ಟಿಯಾಗಿಯೇ ಇದೆ. ಮಳೆನೀರಿನಲ್ಲಿ ಸುಣ್ಣವಿಲ್ಲ. ಗೋಡೆಯಿಂದ ಬರುತ್ತಿದ್ದ ಸುಣ್ಣವನ್ನು ನಾನೇ ಎರಡು ಕೈ ಬಳಿದು ಮುಚ್ಚಿದ್ದೇನೆ.

ಕಪಾಟಿನಿಂದ ಆರು ಜಾಡಿಗಳನ್ನು ಮತ್ತೆ ಇಳಿಸಿದ್ದೇನೆ. ಮೂರಕ್ಕೆ ಸುಣ್ಣದಕಲ್ಲಿನ ಚೂರು. ಅದು ಸಿಮೆಂಟಿನ ಸುಣ್ಣದಂತಲ್ಲ, ನಿಧಾನವಾಗಿ ಕರಗುತ್ತದೆ, ಗಾಳಿಗೆ ತೆರೆದ ನೀರಿನಲ್ಲಿ ಪಿಎಚ್ ಅನ್ನು 8ರ ಆಸುಪಾಸಿನಲ್ಲೇ ನಿಲ್ಲಿಸುತ್ತದೆ. ಮೂರಕ್ಕೆ ಏನೂ ಇಲ್ಲ. ಜಾಡಿಗೆ ಎರಡರಂತೆ ಹುಳು ಬಿಟ್ಟು, ಪ್ರತಿ ಚಿಪ್ಪಿನ ಬಾಯಂಚಿಗೆ ಗುರುತು ಹಾಕಿ ಅಳತೆ ಬರೆದುಕೊಂಡಿದ್ದೇನೆ. ಮುಂದಿನ ಎಣಿಕೆ ಹತ್ತು ದಿನ ಬಿಟ್ಟು.